ಹೇಳಿದಷ್ಟೇ ಬರಿ

ಸುಸಾನಳಿಗೆ ಒಂದು ಕಡೆ ಸುಮ್ಮನೆ ಕೂತು ಗೊತ್ತೇ ಇಲ್ಲ. ಕ್ಲಾಸಿನಲ್ಲಿ ಬೆಂಚಿನ ಕೆಳಗೆ ಕಾಲು ಅಲ್ಲಾಡಿಸುತ್ತಲೇ ಇರುತ್ತಾಳೆ, ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಯುವುದರೊಳಗೆ ನಾಲ್ಕು ಸಲ ತಿರುಗಿ ಬಾಗಿಲು ನೋಡುತ್ತಾಳೆ. "ಇವಳು ಕಾಲಿಗೆ ಚಕ್ರ ಕಟ್ಟಿಸಿಕೊಂಡು ಹುಟ್ಟಿದ್ದಾಳೆ" ಎಂದು ತಾಯಿ ಮರೀನಾ ಬೈಯುವುದು ದಿನಾ ಇದ್ದದ್ದೇ. ಕೈಗೆ ಪೆನ್ನು ಬಂದಾಗ ಮಾತ್ರ ಹುಡುಗಿ ತಣ್ಣಗಾಗುತ್ತಿದ್ದಳು. ಅವಳಪ್ಪ ಎಲಿಯಾಸ್ ಎಸ್ಟೇಟಿನ ರೈಟರ್. ಬೆಳಿಗ್ಗೆ ಯಾರು ಕೆಲಸಕ್ಕೆ ಬಂದರು, ಯಾರಿಗೆ ತೋಟದ ಯಾವ ಭಾಗ ಎಂದು ಬರೆದಿಡುವವನು. ಅವನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಮಗಳದ್ದು ಅದಕ್ಕಿಂತ ಒಂದು ಕೈ ಮೇಲು. ಅದು ಊರಿಗೆಲ್ಲ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಸ್ವಲ್ಪ ಜಾಸ್ತಿಯೇ ಗೊತ್ತಿತ್ತು.

ಹಾಗಾಗಿ ಹತ್ತನೇ ಕ್ಲಾಸಿನ ಯೋಗೇಶನಿಗೆ ಪರೀಕ್ಷೆ ಬರೆದುಕೊಡಲು ಕೆಳಗಿನ ಕ್ಲಾಸಿನ ಒಬ್ಬರು ಬೇಕು ಎಂದಾಗ ಹೆಡ್‌ಮಾಸ್ಟರ್ ಲಿಂಗಪ್ಪನವರ ಬಾಯಿಗೆ ಬಂದ ಮೊದಲ ಹೆಸರು ಒಂಬತ್ತನೇ ಕ್ಲಾಸಿನ ಸುಸಾನಳದ್ದು.

ಯೋಗೇಶ ಹೆತ್ತೂರು ಕಡೆಯ ಆ ಶಾಲೆಯಲ್ಲಿ ಎಲ್ಲರೂ ಒಪ್ಪಿದ ದಡ್ಡ. ಅದೇ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಇರುವ ಲಕ್ಕಯ್ಯನ ಮಗ. ಹೆಸರು ಬರೆಯಲು ಅರ್ಧ ನಿಮಿಷ ಬೇಕು, ಒಂದು ಸಾಲು ಓದಲು ಒಂದು ಪೀರಿಯಡ್ಡು ಬೇಕು. ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬರುವ ದಿನ ಅವನನ್ನು ಬಿಸಿಯೂಟದ ಅಡುಗೆಮನೆಗೆ ಅಕ್ಕಿ ಆರಿಸಲು ಕಳಿಸುತ್ತಿದ್ದರು. ಒಂದನೇ ಕ್ಲಾಸಿನಿಂದ ಹೀಗೆ ಅಕ್ಕಿ ಆರಿಸುತ್ತಲೇ ಬಂದ ಹುಡುಗ ಹತ್ತನೇ ಕ್ಲಾಸಿಗೆ ಮುಟ್ಟಿದ್ದು ಯಾರಿಗೂ ಆಶ್ಚರ್ಯ ತರಲಿಲ್ಲ. ನಮ್ಮ ಶಾಲೆಗಳಲ್ಲಿ ಒಬ್ಬ ಹುಡುಗನನ್ನು ಕಣ್ಣಿಗೆ ಬೀಳದ ಹಾಗೆ ಮುಂದೆ ದಾಟಿಸುವುದು ಅವನಿಗೆ ಕಲಿಸುವುದಕ್ಕಿಂತ ಸಲೀಸು.

ಆ ವರ್ಷ ಕುಂದೂರಿನಿಂದ ವರ್ಗವಾಗಿ ಬಂದ ಕನ್ನಡದ ಟೀಚರ್ ದ್ರಾಕ್ಷಾಯಣಿ ಮಾತ್ರ ಒಂದು ವಿಷಯ ಗಮನಿಸಿದರು. ಪುಸ್ತಕ ಕೊಟ್ಟರೆ ಬೆವರುವ ಈ ಹುಡುಗ, ಒಂದು ಸಲ ಓದಿ ಹೇಳಿದ ಪಾಠವನ್ನು ವಾರದ ಮೇಲೂ ಬಿಡದೆ ಹೇಳುತ್ತಾನೆ, ಮೇಲೆ ಎರಡು ಪ್ರಶ್ನೆ ಬೇರೆ ಕೇಳುತ್ತಾನೆ. ಅವನನ್ನೂ ಲಕ್ಕಯ್ಯನನ್ನೂ ಬಸ್ಸು ಹತ್ತಿಸಿಕೊಂಡು ಹಾಸನದ ಆಸ್ಪತ್ರೆಗೆ ಮೂರು ಸಲ ಅಲೆದರು. ಡಿಸ್ಲೆಕ್ಸಿಯಾ ಎಂದು ಡಾಕ್ಟರು ಬರೆದುಕೊಟ್ಟರು. ಬುದ್ಧಿಗೆ ಏನೂ ಕಮ್ಮಿಯಿಲ್ಲ, ಅಕ್ಷರ ಹಿಡಿಯುವುದಷ್ಟೇ ಕಷ್ಟ, ಅವನು ಬಾಯಲ್ಲಿ ಹೇಳಲಿ, ಇನ್ನೊಬ್ಬರು ಬರೆಯಲಿ ಎಂದರು. ಹಾಗೆ ಬರೆದುಕೊಡುವವರಿಗೆ ಸ್ಕ್ರೈಬ್ ಎಂದು ಹೆಸರು.

"ನೋಡಮ್ಮ, ಅವನು ಹೇಳಿದಷ್ಟೇ ಬರಿ" ಎಂದು ದ್ರಾಕ್ಷಾಯಣಿ ಮೊದಲ ದಿನವೇ ಸುಸಾನಳಿಗೆ ಹೇಳಿದ್ದರು. "ಒಂದು ಮಾತು ಕಮ್ಮಿಯಿಲ್ಲ, ಒಂದು ಮಾತು ಜಾಸ್ತಿಯಿಲ್ಲ. ಅಲ್ಲಿ ನೀನು ಅವನ ಕೈ ಮಾತ್ರ."

ಕೈ ಮಾತ್ರ ಆಗಿರುವುದು ಸುಸಾನಳಿಗೆ ಭಾರೀ ಕಷ್ಟವಾಯಿತು. ಶಾಲೆ ಬಿಟ್ಟ ಮೇಲೆ ಲೈಬ್ರರಿ ಕೋಣೆಯಲ್ಲಿ ಇಬ್ಬರೂ ಕೂರುತ್ತಿದ್ದರು. ಅವಳು ಹತ್ತನೇ ಕ್ಲಾಸಿನ ಪಾಠ ಓದಿ ಹೇಳಬೇಕು, ಪ್ರಶ್ನೆ ಕೇಳಬೇಕು, ಅವನು ಕಿಟಕಿಯ ಆಚೆ ನೋಡುತ್ತಾ ಉತ್ತರ ಹೇಳುತ್ತಾನೆ. ನಿಧಾನಕ್ಕೆ ಹೇಳುತ್ತಾನೆ. ಅರ್ಧಕ್ಕೆ ನಿಲ್ಲುತ್ತಾನೆ. "ಅದನ್ನ ಹೊಡ್ದಾಕು, ಇನ್ನೊಂದ್ ತರ ಹೇಳ್ತೀನಿ" ಎನ್ನುತ್ತಾನೆ. ಅವಳ ನೀಟಾದ ಪುಟದಲ್ಲಿ ಒಂದು ಕಾಟು ಬಿದ್ದರೆ ಅವಳಿಗೆ ಹಲ್ಲಿನಲ್ಲಿ ಕಲ್ಲು ಸಿಕ್ಕಿದ ಹಾಗೆ. ಕಾಲು ಕುಣಿಸುತ್ತಾ, ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡುತ್ತಾ, "ಬೇಗ ಹೇಳೋ ಮಾರಾಯ" ಎನ್ನುತ್ತಿದ್ದಳು. ಅವನು ಮಾತ್ರ ತನ್ನ ವೇಗ ಬಿಡುತ್ತಿರಲಿಲ್ಲ. ಒಂದೊಂದು ದಿನ ಅವನು ಹೇಳಿದ ಉತ್ತರ ಪುಸ್ತಕದ್ದಕ್ಕಿಂತ ಚೆನ್ನಾಗಿರುತ್ತಿತ್ತು. ಆ ದಿನ ಅವಳು ಮನೆಗೆ ದಾರಿಯುದ್ದಕ್ಕೂ ಕಾಲಿಗೆ ಸಿಕ್ಕ ಕಲ್ಲುಗಳನ್ನೆಲ್ಲ ಒದೆಯುತ್ತಾ ಹೋಗುತ್ತಿದ್ದಳು.

ಫೆಬ್ರವರಿಯಲ್ಲಿ ಪ್ರಿಪರೇಟರಿ ಪರೀಕ್ಷೆ ಬಂತು. ಸಮಾಜ ವಿಜ್ಞಾನದ ದಿನ ಲೈಬ್ರರಿಯಲ್ಲಿ ಇವರಿಬ್ಬರೇ. ಕಾಯಲು ಕೂತ ಟೀಚರು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಬೇರೆ ಪೇಪರು ತಿದ್ದುತ್ತಿದ್ದರು. ಮಣ್ಣಿನ ಸವೆತದ ಪ್ರಶ್ನೆಗೆ ಯೋಗೇಶ ಒಂದೂವರೆ ಪುಟ ಹೇಳಿಸಿದ. ಆಮೇಲೆ ಸಹಾಯಕ ಸೈನ್ಯ ಪದ್ಧತಿಯ ಷರತ್ತುಗಳು ಯಾವುವು ಎಂದು ಅವಳು ಓದಿದಳು.

"ಗೊತ್ತಿಲ್ಲ. ಮುಂದಕ್ಕೋಗು."

"ನಾಲ್ಕು ಮಾರ್ಕ್ಸಿಂದು ಕಣೋ."

"ಗೊತ್ತಿಲ್ಲ ಅಂದ್ನಲ್ಲ, ಬುಡು."

ಬಿಡುವುದೆಂದರೆ ಹೇಗೆ? ಎಂಟನೇ ಕ್ಲಾಸಿನಿಂದ ದಿನ ಬೆಳಗಾದರೆ ಮೇಷ್ಟ್ರುಗಳು ಹೇಳಿಕೊಟ್ಟಿದ್ದು ಒಂದೇ: ಖಾಲಿ ಬಿಡಬೇಡಿ, ಏನಾದರೂ ಬರೀರಿ, ಅರ್ಧ ಮಾರ್ಕ್ಸಾದರೂ ಬೀಳುತ್ತೆ. ಸುಸಾನಳ ಕೈ ಜನ್ಮದಲ್ಲಿ ಒಂದು ಜಾಗ ಖಾಲಿ ಬಿಟ್ಟಿರಲಿಲ್ಲ. ಮೇಲಾಗಿ ಓದಿ ಹೇಳುತ್ತಾ ಹೇಳುತ್ತಾ ಆ ಷರತ್ತುಗಳು ಅವಳಿಗೇ ಬಾಯಿಪಾಠವಾಗಿದ್ದವು. ಅವಳು ಬರೆಯತೊಡಗಿದಳು.

"ಏನ್ ಬರೀತಿದೀಯ?" ಎಂದ ಯೋಗೇಶ.

"ಹಿಂದಿಂದು ನೀಟ್ ಮಾಡ್ತಿದೀನಿ" ಎಂದಳು ಸುಸಾನ್, ತಲೆ ಎತ್ತದೆ.

ಅವನು ಹೂಂ ಎಂದು ಮತ್ತೆ ಕಿಟಕಿಯ ಕಡೆ ತಿರುಗಿದ. ಅವನು ಬಗ್ಗಿ ಓದಿ ನೋಡುವ ಹಾಗೆ ಇರಲಿಲ್ಲವಲ್ಲ. ಇನ್ನೂ ಎರಡು ಕಡೆ ಹೀಗೇ ಆಯಿತು. ಪಾಪ, ಒಂದು ಹನ್ನೊಂದು ಮಾರ್ಕ್ಸು ಜಾಸ್ತಿ ಬರಲಿ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅದು ಪಾಪ ಎನ್ನಿಸಿ ಮಾಡಿದ್ದೇನೂ ಅಲ್ಲ. ತನ್ನ ಅಕ್ಷರದ ಪೇಪರು ಬೊಕ್ಕಬಾಯಿ ಬಿಟ್ಟುಕೊಂಡು ಮೇಷ್ಟ್ರ ಕೈಗೆ ಹೋಗುವುದು ಅವಳಿಗೆ ಇಷ್ಟವಿರಲಿಲ್ಲ, ಅಷ್ಟೇ.

ಪೇಪರು ಕೊಟ್ಟಿದ್ದು ಗುರುವಾರ. ಒಂಬತ್ತನೇ ಕ್ಲಾಸಿಗೂ ಹತ್ತನೇ ಕ್ಲಾಸಿಗೂ ನಡುವೆ ಇದ್ದದ್ದು ಹಲಗೆಯ ಗೋಡೆ; ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತದೆ. ಸಮಾಜದ ಮೇಷ್ಟ್ರು ನವೀನ್‌ಕುಮಾರ್ ಎಂಬತ್ತಕ್ಕೆ ಅರವತ್ತಮೂರು ಎಂದು ಕೂಗಿದ್ದು ಸುಸಾನಳಿಗೆ ಸ್ಪಷ್ಟವಾಗಿ ಕೇಳಿತು. ಕ್ಲಾಸಿಗೇ ಎರಡನೆಯವನು ಯೋಗೇಶ. ಆ ಕಡೆ ಗುಸುಗುಸು ಎದ್ದಿತು. ಮೇಷ್ಟ್ರು ಮಣ್ಣಿನ ಸವೆತದ ಉತ್ತರವನ್ನು ಗಟ್ಟಿಯಾಗಿ ಓದಿದರು. 'ಮಳೆ ನೀರು ಇಳಿಜಾರಿನಲ್ಲಿ ಬರಿಗೈಯಲ್ಲಿ ಇಳಿಯುವುದಿಲ್ಲ. ಹೋಗುವಾಗ ಮಣ್ಣನ್ನು ಹೊತ್ತುಕೊಂಡೇ ಹೋಗುತ್ತದೆ. ನಮ್ಮ ಲೈನಿನ ಹಿಂದೆ ಮರ ಕಡಿದ ಮೇಲೆ ಒಂದೇ ಮಳೆಗಾಲದಲ್ಲಿ ಗಿಡದ ಬೇರು ಮೇಲೆ ಬಂದವು.'

"ಹೀಗೆ ಬರೀಬೇಕು ಕಣ್ರೋ" ಎಂದರು ನವೀನ್‌ಕುಮಾರ್. "ಎದ್ದು ನಿಂತ್ಕೊ ಯೋಗೇಶ. ಸಹಾಯಕ ಸೈನ್ಯ ಪದ್ಧತಿ ಷರತ್ತು ಹೇಳು ನೋಡೋಣ. ಇದರಲ್ಲಿ ನಾಲ್ಕಕ್ಕೆ ನಾಲ್ಕು ಕೊಟ್ಟಿದೀನಿ."

"ಅದು ನಂಗೆ ಬರಲ್ಲ ಸಾರ್. ಅದನ್ನ ನಾನ್ ಹೇಳಿರ್ಲಿಲ್ಲ."

"ಮತ್ತೆ ಈ ಮಣ್ಣಿಂದು?"

"ಅದು ನಾನೇ ಹೇಳಿದ್ದು."

ಹತ್ತನೇ ಕ್ಲಾಸು ನಗತೊಡಗಿತು. ಒಂದು ಹೇಳಿದ್ದು, ಇನ್ನೊಂದು ಹೇಳದೇ ಇದ್ದದ್ದು ಎಂದರೆ ಯಾರು ನಂಬುತ್ತಾರೆ? ಎಲ್ಲವನ್ನೂ ರೈಟರ ಮಗಳೇ ಬರೆದಿದ್ದಾಳೆ, ಇವನು ಕಿಟಕಿ ನೋಡಿಕೊಂಡು ಕೂತಿದ್ದಾನೆ ಎಂದು ಮೇಷ್ಟ್ರು ತೀರ್ಮಾನ ಮಾಡಿಬಿಟ್ಟರು. ಸುಸಾನಳ ಕಾಲು ಬೆಂಚಿನ ಕೆಳಗೆ ಕುಣಿಯುವುದನ್ನು ನಿಲ್ಲಿಸಿತು. ಈ ಕಡೆ ಪಕ್ಕದಲ್ಲಿ ಕೂತವಳು ಮೊಣಕೈಯಲ್ಲಿ ತಿವಿದು, "ನಿಂದಂತೆ ಕಣೇ ಅದು, ಎಷ್ಟ್ ಚೆನ್ನಾಗ್ ಬರ್ದಿದೀಯ" ಎಂದಳು. ಸುಸಾನ್ ಇಲ್ಲ ಎನ್ನಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ವಿಷಯ ಹೆಡ್‌ಮಾಸ್ಟರ ಕೋಣೆಗೆ ಹೋಯಿತು. ವಿಚಿತ್ರವೆಂದರೆ ಸುಸಾನಳನ್ನು ಯಾರೂ ಬೈಯಲಿಲ್ಲ. "ಪಾಪ, ಮಗು ಒಳ್ಳೆ ಮನಸ್ಸಿಂದ ಮಾಡಿದೆ. ಇವನಿಗೆ ಏನೂ ಬರಲ್ಲ ಅಂತ ನೋಡೋಕಾಗ್ದೆ ತಾನೇ ಬರೆದಿದೆ" ಎಂದರು ಲಿಂಗಪ್ಪ. ಬೈಗುಳವೆಲ್ಲ ಯೋಗೇಶನ ಪಾಲಿಗೆ. ಮಾರ್ಚಿನ ಪರೀಕ್ಷೆಯಲ್ಲಿ ಹೀಗಾದರೆ ಶಾಲೆಯ ಮಾನ ಹೋಗುತ್ತದೆ, ಸ್ಕ್ರೈಬಿಗೆ ಕೊಟ್ಟ ಅರ್ಜಿ ವಾಪಸು ತಗೊಳ್ಳುತ್ತೇವೆ ಎಂದು ಸಕಲೇಶಪುರದ ಆಫೀಸಿಗೆ ಪತ್ರ ಬರೆಯುವುದೆಂದಾಯಿತು. ಪತ್ರ ನಾಳೆ ಬೆಳಿಗ್ಗೆ ಹತ್ತೂವರೆ ಬಸ್ಸಿಗೆ ಅಟೆಂಡರ್ ಪ್ರತಾಪನ ಕೈಯಲ್ಲಿ ಹೋಗಬೇಕು. ಸ್ಕ್ರೈಬ್ ಇಲ್ಲ ಎಂದರೆ ಯೋಗೇಶ ತಾನೇ ಬರೆಯಬೇಕು. ತಾನೇ ಬರೆದರೆ ಮೂರು ಗಂಟೆಯಲ್ಲಿ ಅರ್ಧ ಪುಟ. ಅಲ್ಲಿಗೆ ಎಸ್ಸೆಸ್ಸೆಲ್ಸಿ ಮುಗಿಯಿತು.

ದ್ರಾಕ್ಷಾಯಣಿ ಟೀಚರ್ ಸುಸಾನಳನ್ನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದರು. ಅವರ ಮುಖ ಕೆಂಪಾಗಿತ್ತು.

"ಯಾವುದು ನಿಂದು, ಯಾವುದು ಅವನದು? ಅದು ನಿನಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ ಸುಸಾನ್."

"ನೆನಪಿಲ್ಲ ಮೇಡಂ."

ಇಂಥ ಸುಳ್ಳು ಹೇಳುವಾಗ ಬಾಯಿಗೆ ಒಂದು ಚೂರೂ ಕಷ್ಟವಾಗುವುದಿಲ್ಲ, ಕಷ್ಟವೆಲ್ಲ ಆಮೇಲೆ. ಮಣ್ಣಿನ ಉತ್ತರ ಅವಳದ್ದು ಎಂದು ಇಡೀ ಶಾಲೆ ಹೊಗಳಿದ್ದು ಅವಳಿಗೆ ಹಿತವಾಗಿತ್ತು. ಯಾವುದು ಯಾರದ್ದು ಎಂದು ಹೇಳಿದರೆ ಅದನ್ನೂ ವಾಪಸು ಕೊಡಬೇಕಾಗಿತ್ತು.

ಸಂಜೆ ಮನೆಯಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದು ಕಾಫಿ ಒಣಗಿಸುವ ಕಣದಲ್ಲಿ ಅತ್ತಿಂದಿತ್ತ ಓಡಾಡಿದಳು. ಯಾರೋ ಗೋಡೆಗೆ ಒರಗಿಸಿದ್ದ ಹಲುಬೆ ತೆಗೆದುಕೊಂಡು, ಆಗಲೇ ಕೆದರಿಟ್ಟಿದ್ದ ಕಾಫಿಯನ್ನು ಮತ್ತೆ ಕೆದರಿದಳು. ಕೆಲಸ ಮುಗಿಸಿ ಬರುತ್ತಿದ್ದ ಲಕ್ಕಯ್ಯ ಅವಳನ್ನು ಕಂಡು ನಿಂತ. ಶಾಲೆಯವರು ಕರೆಸಿ ಹೇಳಿದ್ದರಂತೆ.

"ನೀನೇನೋ ಸಹಾಯ ಮಾಡಕ್ಕೋದೆ ಕಣವ್ವ. ನಿನ್ ಮೇಲೇನೂ ಬೇಜಾರಿಲ್ಲ. ನಮ್ ಹುಡ್ಗುನ್ ಹಣೇಲಿ ಬರ್ದಿಲ್ಲ, ಅಷ್ಟೇಯ" ಎಂದ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಆದ್ರೂ ಅವ್ನು ಸುಳ್ ಹೇಳಲ್ಲ ಕಣವ್ವ. ಅದೊಂದು ಮಾತ್ರ ನಂಗೆ ತಿಳೀದಾಗೈತೆ. ಸೋಮವಾರದಿಂದ ಮರಗಸಿಗೆ, ಕೊಂಬೆ ಕಡಿಯೋ ಕೆಲ್ಸಕ್ಕೆ ಕರ್ಕೊಂಡ್ ಬತ್ತೀನಿ, ನಿಮ್ಮಪ್ಪಾರಿಗೆ ಹೇಳ್ಬುಡು" ಎಂದು ಹೊರಟ.

ಸುಸಾನ್ ಹಲುಬೆ ಬಿಸಾಡಿ ಸ್ಟೋರಿನ ಕಡೆ ಓಡಿದಳು. ಎಲಿಯಾಸ್ ಮೇಜಿನ ಮುಂದೆ ಕನ್ನಡಕ ಹಾಕಿಕೊಂಡು ನಾಳೆಯ ಕೆಲಸದ ಪಟ್ಟಿ ಬರೆಯುತ್ತಿದ್ದ. ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಮೂರು ಉತ್ತರ, ಹನ್ನೊಂದು ಮಾರ್ಕ್ಸು, ಮಿಕ್ಕದ್ದೆಲ್ಲ ಅವನದ್ದು, ಮಣ್ಣಿನದ್ದೂ ಅವನದ್ದೇ.

ಎಲಿಯಾಸ್ ಪೆನ್ನು ಕೆಳಗಿಟ್ಟ. "ಬೇರೆ ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ ಪಪ್ಪಾ."

"ಹೇಳ್ಬೇಡ. ಅವರಾಗವರೇ ನಿನ್ನ ಒಳ್ಳೇವಳು ಅಂತಿದಾರೆ. ನೀನಾಗಿ ಹೋಗಿ ಪರೀಕ್ಷೇಲಿ ಮೋಸ ಮಾಡ್ದೆ ಅಂತ ಒಪ್ಕೊಂಡ್ರೆ ಮುಂದಿನ ವರ್ಷ ನಿನ್ನ ಹತ್ತನೇ ಕ್ಲಾಸು ಏನಾಗುತ್ತೆ?" ಮಗಳ ಮುಖ ನೋಡಿ ದನಿ ಇಳಿಸಿದ. "ಮನಸ್ಸಿಗೆ ತಡೀಲಿಲ್ಲ ಅಂದ್ರೆ ಶನಿವಾರ ಚರ್ಚಿಗೆ ಹೋಗಿ ಫಾದರ್ ಹತ್ರ ಪಾಪನಿವೇದನೆ ಮಾಡು. ದೇವರಿಗೆ ಗೊತ್ತಾದ್ರೆ ಸಾಕು, ಲಿಂಗಪ್ಪನವರಿಗೆ ಗೊತ್ತಾಗ್ಬೇಕು ಅಂತೇನಿಲ್ಲ ಸೂಸಿ."

ಎಲಿಯಾಸ್ ಕೆಟ್ಟವನಲ್ಲ. ಮಗಳ ಹೆಸರಿನ ಪಕ್ಕದಲ್ಲಿ ಒಂದು ಕಪ್ಪು ಚುಕ್ಕೆ ಬೀಳಬಾರದು ಎನ್ನುವ ತಂದೆ, ಅಷ್ಟೇ. ಸುಸಾನಳಿಗೂ ಒಂದು ಗಳಿಗೆ ಹಾಯೆನಿಸಿತು. ಶನಿವಾರ ಮಂಡಿಯೂರಿ ಹೇಳುವುದು, ಫಾದರ್ ಒಂದಿಷ್ಟು ಜಪ ಹೇಳು ಎನ್ನುವುದು, ಎದ್ದು ಬರುವುದು. ಆಮೇಲೆ ಅವಳಿಗೆ ಹೊಳೆಯಿತು: ಪತ್ರ ಹೋಗುವುದು ಶುಕ್ರವಾರ.

ಮರುದಿನ ತಿಂಡಿಗೆ ಕೂತವಳು ಅರ್ಧ ರೊಟ್ಟಿ ಬಿಟ್ಟು ಎದ್ದಳು. ಒಂಬತ್ತಕ್ಕೆ ಶಾಲೆಯ ಗೇಟಿನಲ್ಲಿದ್ದಳು. ಹತ್ತು ಗಂಟೆಯ ತನಕ ಹೆಡ್‌ಮಾಸ್ಟರ ಕೋಣೆಯ ಮುಂದೆ ಹಾದು ಹೋದದ್ದು ಎಷ್ಟು ಸಲವೋ. ಒಳಗೆ ಹೋಗಲು ಕಾಲು ಬರುತ್ತಿಲ್ಲ, ಕ್ಲಾಸಿಗೆ ಹೋಗಲೂ ಬರುತ್ತಿಲ್ಲ. ಪ್ರತಾಪ ಬ್ಯಾಗು ಹೆಗಲಿಗೆ ಹಾಕಿಕೊಂಡು, "ಪತ್ರ ಕೊಡಿ ಸಾರ್, ಬಸ್ ಹೊಂಟೋಯ್ತದೆ" ಎಂದು ಒಳಗೆ ಹೋದದ್ದು ಕಂಡಿತು. ಅವಳು ಅವನ ಹಿಂದೆಯೇ ನುಗ್ಗಿಬಿಟ್ಟಳು.

ಒಳಗೆ ಲಿಂಗಪ್ಪ, ನವೀನ್‌ಕುಮಾರ್, ದ್ರಾಕ್ಷಾಯಣಿ ಮೂವರೂ ಇದ್ದರು. ಪತ್ರ ಕವರಿಗೆ ಹೋಗಿಯಾಗಿತ್ತು.

"ಸಾರ್, ಯೋಗೇಶನ ಪೇಪರು ಕೊಡಿ. ನಾನು ಬರೆದದ್ದು ಯಾವುದು ಅಂತ ಗುರುತು ಮಾಡ್ತೀನಿ" ಎಂದಳು.

"ನಿನ್ನೆ ನೆನಪಿಲ್ಲ ಅಂದೆ" ಎಂದರು ದ್ರಾಕ್ಷಾಯಣಿ.

"ಸುಳ್ಳು ಹೇಳಿದೆ ಮೇಡಂ."

ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡು ಅವಳು ಪುಟ ತಿರುಗಿಸಿದಳು. ಸೈನ್ಯ ಪದ್ಧತಿಯ ಸುತ್ತ ಒಂದು ಗೆರೆ ಎಳೆದಳು. ವಿಶ್ವಸಂಸ್ಥೆಯದ್ದಕ್ಕೆ ಒಂದು, ಕೊನೆಯ ಪುಟದಲ್ಲಿ ಇನ್ನೊಂದು. ನವೀನ್‌ಕುಮಾರ್ ಕಾದರು. ಅವಳು ಪೆನ್ನು ಮುಚ್ಚಿದಳು.

"ಇಷ್ಟೇನಾ?"

"ಇಷ್ಟೇ ಸಾರ್. ಅವನು ಗೊತ್ತಿಲ್ಲ, ಬಿಡು ಅಂದಿದ್ದ. ನಾನೇ ಬರೆದೆ. ಏನ್ ಬರೀತಿದೀಯ ಅಂತಾನೂ ಕೇಳ್ದ."

"ಈ ಮಣ್ಣಿನ ಉತ್ತರ?"

"ಅವನದು. ಒಂದಕ್ಷರಾನೂ ನಂದಲ್ಲ." ಮೋಸ ಮಾಡಿದೆ ಎಂದದ್ದಕ್ಕಿಂತ ಅದನ್ನು ಬಿಟ್ಟುಕೊಟ್ಟದ್ದೇ ಅವಳಿಗೆ ಹೆಚ್ಚು ನೋವಾಯಿತು. ಇದು ಹೇಳಲು ನಾಚಿಕೆಯ ವಿಷಯ, ಆದರೆ ನಿಜ.

ನವೀನ್‌ಕುಮಾರ್ ಯೋಗೇಶನನ್ನು ಕರೆಸಿದರು. ಬಂದು ಬಾಗಿಲ ಬಳಿ ನಿಂತ. ಸುಸಾನಳ ಕಡೆ ನೋಡಲಿಲ್ಲ. ಮೇಷ್ಟ್ರು ಪೇಪರಿನಲ್ಲಿ ಇಲ್ಲದ ಪ್ರಶ್ನೆಯೊಂದನ್ನು ಕೇಳಿದರು, ಕಾಡು ಕಮ್ಮಿಯಾದರೆ ಏನಾಗುತ್ತದೆ ಎಂದು. ಕಾಗದ ಎಳೆದುಕೊಂಡು ತಾವೇ ಬರೆಯಲು ಕೂತರು. ಯೋಗೇಶ ಕಿಟಕಿಯ ಆಚೆ ನೋಡುತ್ತಾ ನಿಧಾನಕ್ಕೆ ಶುರುಮಾಡಿದ. ನಡುವೆ ಒಮ್ಮೆ, "ಅದನ್ನ ಹೊಡ್ದಾಕಿ ಸಾರ್" ಎಂದ. ಮುಕ್ಕಾಲು ಪುಟವಾಗುವ ಹೊತ್ತಿಗೆ ನವೀನ್‌ಕುಮಾರ್ ಪೆನ್ನು ನಿಲ್ಲಿಸಿದರು.

"ಸಾಕಪ್ಪ" ಎಂದರು. "ನಾನು ನಿನ್ನ ಕ್ಲಾಸಲ್ಲಿ ನಿಲ್ಲಿಸಿ ನಗಿಸಬಾರದಿತ್ತು."

ಅರವತ್ತಮೂರರಲ್ಲಿ ಹನ್ನೊಂದು ಹೋದರೂ ಐವತ್ತೆರಡು. ಲಿಂಗಪ್ಪ ಕವರು ಹರಿದರು. ಆದರೂ ಸ್ಕ್ರೈಬನ್ನು ಬದಲಾಯಿಸಬೇಕೋ ಬೇಡವೋ ಎಂದು ಅವರಿಗೆ ಅನುಮಾನ. ಹುಡುಗಿ ತಪ್ಪು ಒಪ್ಪಿಕೊಂಡಿದ್ದಾಳೆ, ಪರೀಕ್ಷೆಗೆ ಇನ್ನು ತಿಂಗಳಿಲ್ಲ, ಮೂರು ತಿಂಗಳು ಜೊತೆಗೆ ಕೂತು ಅಭ್ಯಾಸವಾಗಿದೆ. "ಏನಪ್ಪ, ಸುಸಾನೇ ಇರ್ಲಾ? ಇನ್ಮೇಲೆ ಹಾಗೆ ಮಾಡಲ್ಲ ಅವಳು" ಎಂದರು.

ಸುಸಾನ್ ತಲೆ ಎತ್ತಿದಳು. ಅವನು ಹೂಂ ಎನ್ನುತ್ತಾನೆ ಎಂದೇ ಅವಳ ಲೆಕ್ಕ. ಇಷ್ಟು ಮಾಡಿದ ಮೇಲೆ ಅಷ್ಟಾದರೂ ಆಗಬೇಡವೇ?

"ಬ್ಯಾಡ ಸಾರ್. ಬ್ಯಾರೆ ಯಾರಾದ್ರೂ ಕೊಡಿ" ಎಂದ ಯೋಗೇಶ. "ಎಂಟನೇ ಕ್ಲಾಸಿನ ಲಕ್ಷ್ಮಿ ಆದ್ರೂ ಆಯ್ತು. ನಿಧಾನ ಬರೀತಾಳೆ, ಪರವಾಗಿಲ್ಲ."

ಲಿಂಗಪ್ಪ ಡ್ರಾಯರಿನಿಂದ ಬದಲಾವಣೆಯ ಫಾರಂ ತೆಗೆದರು. ಪ್ರತಾಪ ಬಾಗಿಲಲ್ಲಿ ಕಾಲು ಬದಲಿಸುತ್ತಿದ್ದ, ಬಸ್ಸಿಗೆ ಹತ್ತು ನಿಮಿಷವಿತ್ತು. ಹೆಡ್‌ಮಾಸ್ಟರ ಅಕ್ಷರ ಒಮ್ಮೊಮ್ಮೆ ಅವರಿಗೇ ಓದಲು ಬರುತ್ತಿರಲಿಲ್ಲ. ಅವಸರದಲ್ಲಿ, ಏನೂ ಯೋಚಿಸದೆ, ಎದುರಿಗೆ ನಿಂತ ಸುಸಾನಳ ಮುಂದೆ ಫಾರಂ ತಳ್ಳಿದರು.

ಅವಳು ಕೂತು ಬರೆದಳು. ಅಭ್ಯರ್ಥಿಯ ಹೆಸರು. ತಂದೆಯ ಹೆಸರು. ಹೊಸ ಸ್ಕ್ರೈಬಿನ ಹೆಸರು, ತರಗತಿ. ಮುಂದಿನ ಸಾಲನ್ನು ಓದಿ ನಿಂತಳು.

"ಬದಲಾವಣೆಗೆ ಕಾರಣ" ಎಂದಳು.

"ಆರೋಗ್ಯ ಸರಿಯಿಲ್ಲ ಅಂತ ಹಾಕು" ಎಂದರು ಲಿಂಗಪ್ಪ.

"ಅದು ಯೋಗೇಶ ಹೇಳ್ಬೇಕಲ್ವಾ ಸಾರ್" ಎಂದಳು ಸುಸಾನ್.

ಯೋಗೇಶ ಇಷ್ಟು ಹೊತ್ತಿಗೆ ಮೊದಲ ಸಲ ಅವಳ ಕಡೆ ತಿರುಗಿದ. ಕಿಟಕಿಯ ಕಡೆ ನೋಡದೆ ಅವಳನ್ನೇ ನೋಡುತ್ತಾ, ಒಂದೊಂದೇ ಮಾತು ಹೇಳಿದ. ಅವಳು ಬರೆದಳು. ಸಾಲಿನಲ್ಲಿ ಜಾಗ ಸಾಲದೆ ಅಕ್ಷರ ಸಣ್ಣ ಮಾಡಿ ಅಂಚಿನ ತನಕ ಬರೆದಳು. ಎಲ್ಲೂ ತಡೆಯಲಿಲ್ಲ, ಏನನ್ನೂ ಬಿಡಲಿಲ್ಲ.

"ಓದು" ಎಂದ.

ಮೂವರು ಮೇಷ್ಟ್ರುಗಳ ಮುಂದೆ, ಅಟೆಂಡರ ಮುಂದೆ ಅವಳು ಓದಿದಳು.

"'ಗೊತ್ತಿಲ್ಲ ಅಂತ ನಾನು ಹೇಳಿದ್ದನ್ನ ಅವಳು ಬರೀಲಿಲ್ಲ. ಏನು ಬರೀತಿದೀಯ ಅಂತ ಕೇಳಿದ್ರೆ ಸುಳ್ಳು ಹೇಳಿದ್ಲು. ನನಗೆ ಓದಕ್ಕೆ ಬರಲ್ಲ ಅಂತ ಅವಳಿಗೆ ಗೊತ್ತಿತ್ತು.'"

ಯೋಗೇಶ ಪೂರ್ತಿ ಕೇಳಿಸಿಕೊಂಡ. ಆಮೇಲೆ ಬಗ್ಗಿ, ಅರ್ಧ ನಿಮಿಷ ತೆಗೆದುಕೊಂಡು, ಕೆಳಗೆ ತನ್ನ ಹೆಸರು ಬರೆದ.

"ಸರಿಯಾಗೈತೆ. ನಾನೇಳಿದ್ದೇ ಐತೆ" ಎಂದು ಪ್ರತಾಪನ ಕೈಗೆ ಕೊಟ್ಟ.